ಟೆಲಿವಿಷನ್ ಪತ್ತೇದಾರಿ ಸರಣಿ

ಟೆಲಿವಿಷನ್ ಪತ್ತೇದಾರಿ ಸರಣಿಯು ಅಪರಾಧವೊಂದರ ತನಿಖೆಯನ್ನು ಖಾಯಂ ಪಾತ್ರವೊಂದರ ಮೂಲಕ ನಡೆಸಿ, ಅಪರಾಧಿ ಯಾರೆಂಬುದು ಸಾಬೀತಾಗುವಲ್ಲಿಗೆ ಮುಗಿಯುವ ಕಂತುಗಳ ಕಥಾಪ್ರಕಾರ. ಅಪರಾಧ ಹೆಚ್ಚಾಗಿ ಕೊಲೆಯೇ ಆಗಿರುತ್ತದೆ. ಪತ್ತೇದಾರಿ ಕಾದಂಬರಿ ಮತ್ತು ರೇಡಿಯೊ ನಾಟಕಗಳಿಂದ ಬೆಳೆದ ಈ ಪ್ರಕಾರ 1950ರ ದಶಕದಲ್ಲಿ ಅಮೆರಿಕ ಮತ್ತು ಯುರೋಪಿನ ಟೆಲಿವಿಷನ್‌ನಲ್ಲಿ ನೆಲೆಯೂರಿತು. ಪಶ್ಚಿಮ ಜರ್ಮನಿಯಲ್ಲಿ ಅದು ವಾರದ ನಿಗದಿತ ರಾತ್ರಿಯ ಖಾಯಂ ಕಾರ್ಯಕ್ರಮವಾಗಿ ದಶಕಗಳ ಕಾಲ ನಡೆಯಿತು. ‘ಡೆರ್ ಕೊಮಿಸ್ಸಾರ್’, ‘ಡೆರಿಕ್’, ‘ಡೆರ್ ಆಲ್ಟೆ’, ‘ಟಾಟೋರ್ಟ್’ ಆ ಪರಂಪರೆಯ ಪ್ರಮುಖ ಸರಣಿಗಳು. ‘ಡೆರ್ ಆಲ್ಟೆ’ 1980ರ ದಶಕದಲ್ಲಿ ‘ದಿ ಓಲ್ಡ್ ಫಾಕ್ಸ್’ ಎಂಬ ಹೆಸರಿನಿಂದ, ಇಂಗ್ಲಿಷ್ ಧ್ವನಿಯಲ್ಲಿ, ದೂರದರ್ಶನದ ಮೂಲಕ ಕರ್ನಾಟಕದ ನೋಡುಗರನ್ನೂ ತಲುಪಿತು. ಕನ್ನಡದಲ್ಲಿ ಪತ್ತೇದಾರಿ ಕಥೆ ಬೆಳೆದದ್ದು ಮುಖ್ಯವಾಗಿ ಕಾದಂಬರಿ ಮತ್ತು ಚಲನಚಿತ್ರಗಳಲ್ಲಿ.

ಪರಿಭಾಷೆ

ಈ ಲೇಖನದಲ್ಲಿ ಪ್ರತಿ ಕಂತಿಗೂ ಬೇರೆ ಪ್ರಕರಣ ಇರುವುದನ್ನು ‘ಸರಣಿ’ ಎಂದೂ, ಒಂದೇ ಕಥೆ ಹಲವು ಕಂತುಗಳಲ್ಲಿ ಮುಂದುವರಿಯುವುದನ್ನು ‘ಧಾರಾವಾಹಿ’ ಎಂದೂ ಕರೆದಿದೆ. ತನಿಖೆ ನಡೆಸುವ ಮುಖ್ಯ ಪಾತ್ರವು ಪೊಲೀಸ್ ಅಧಿಕಾರಿಯಾದರೂ ಖಾಸಗಿ ವ್ಯಕ್ತಿಯಾದರೂ ‘ಪತ್ತೇದಾರ’. ‘ಕೊಮಿಸ್ಸಾರ್’ ಜರ್ಮನಿಯ ಅಪರಾಧ ಪತ್ತೆ ಪೊಲೀಸ್ ವಿಭಾಗದ ಅಧಿಕಾರಿಯ ಹುದ್ದೆ. ಪತ್ತೇದಾರನಿಲ್ಲದೆ ಅಪರಾಧಿಯ ಬದುಕನ್ನೇ ಹಿಂಬಾಲಿಸುವ ಕಥೆಗಳು ‘ಅಪರಾಧ ಕಥೆ’ ಎಂಬ ವಿಶಾಲ ವರ್ಗಕ್ಕೆ ಸೇರುತ್ತವೆ. ಅವು ಈ ಲೇಖನದ ವ್ಯಾಪ್ತಿಯಲ್ಲಿಲ್ಲ.

ಉಗಮ

ಎಡ್ಗರ್ ಆಲನ್ ಪೋ 1841ರಲ್ಲಿ ಪ್ರಕಟಿಸಿದ, ಪ್ಯಾರಿಸ್‌ನ ರೂ ಮೋರ್ಗ್ ಬೀದಿಯ ಕೊಲೆಗಳ ಕಥೆಯನ್ನು ಆಧುನಿಕ ಪತ್ತೇದಾರಿ ಕಥೆಯ ಮೊದಲ ಮಾದರಿಯೆಂದು ಸಾಹಿತ್ಯ ಚರಿತ್ರೆಕಾರರು ಗುರುತಿಸುತ್ತಾರೆ. ಆರ್ಥರ್ ಕಾನನ್ ಡಾಯ್ಲ್ 1887ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಪರಿಚಯಿಸಿದರು. ಒಬ್ಬನೇ ಪತ್ತೇದಾರ ಕಥೆಯಿಂದ ಕಥೆಗೆ ಮರಳಿ ಬರುವ ಕ್ರಮ ಹೋಮ್ಸ್ ಕಥೆಗಳಿಂದ ಜನಪ್ರಿಯವಾಯಿತು. ಟೆಲಿವಿಷನ್ ಸರಣಿಯ ಮೂಲ ರಚನೆ ಇದೇ.

ಅಮೆರಿಕದಲ್ಲಿ 1949ರಲ್ಲಿ ರೇಡಿಯೊದಲ್ಲಿ ಆರಂಭವಾದ ‘ಡ್ರ್ಯಾಗ್ನೆಟ್’ 1951ರಲ್ಲಿ ಟೆಲಿವಿಷನ್‌ಗೆ ಬಂತು. ಜ್ಯಾಕ್ ವೆಬ್ ಅದರ ನಿರ್ಮಾತೃ ಹಾಗೂ ನಾಯಕ ನಟ. ಲಾಸ್ ಏಂಜಲೀಸ್ ಪೊಲೀಸರ ಕಡತಗಳಲ್ಲಿದ್ದ ಪ್ರಕರಣಗಳನ್ನು ಆಧರಿಸಿದ್ದ ಈ ಸರಣಿಯಲ್ಲಿ ಪವಾಡದ ಬುದ್ಧಿಯ ನಾಯಕನಿರಲಿಲ್ಲ. ಮನೆ ಮನೆಗೆ ಹೋಗಿ ವಿಚಾರಿಸುವ, ಕಾಗದಪತ್ರ ತಿರುವಿಹಾಕುವ ಪೊಲೀಸರ ದಿನನಿತ್ಯದ ಕೆಲಸವೇ ಕಥೆಯಾಗಿತ್ತು. ಜರ್ಮನಿಯ ಮೊದಲ ಪ್ರಮುಖ ಪತ್ತೇದಾರಿ ಸರಣಿ ಹುಟ್ಟಿದ್ದು ಈ ಮಾದರಿಯಿಂದ.

ಜರ್ಮನ್ ಪರಂಪರೆ

ಆರಂಭ: ‘ಸ್ಟಾಲ್‌ನೆಟ್ಸ್’ 1958ರಿಂದ 1968ರವರೆಗೆ ಪಶ್ಚಿಮ ಜರ್ಮನಿಯಲ್ಲಿ ಪ್ರಸಾರವಾಯಿತು. ಯೂರ್ಗನ್ ರೋಲಾಂಡ್ ಇದರ ನಿರ್ದೇಶಕ. ಹೆಚ್ಚಿನ ಕಂತುಗಳನ್ನು ಬರೆದವರು ವೋಲ್ಫ್‌ಗಾಂಗ್ ಮೆಂಗೆ. ‘ಡ್ರ್ಯಾಗ್ನೆಟ್’ನಂತೆ ಇದೂ ನಿಜ ಪ್ರಕರಣಗಳನ್ನು ಆಧರಿಸಿತ್ತು, ಅದರ ಸಂಗೀತವನ್ನೂ ಬಳಸಿಕೊಂಡಿತು.

ಇದೇ ಕಾಲದಲ್ಲಿ ಬ್ರಿಟಿಷ್ ಲೇಖಕ ಫ್ರಾನ್ಸಿಸ್ ಡರ್‌ಬ್ರಿಜ್ ಅವರ ಕಥೆಗಳನ್ನು ಜರ್ಮನ್ ಟೆಲಿವಿಷನ್ ಕಿರು ಧಾರಾವಾಹಿಗಳಾಗಿ ತಯಾರಿಸಿತು. 1962ರ ಜನವರಿಯಲ್ಲಿ ಪ್ರಸಾರವಾದ ಆರು ಕಂತುಗಳ ‘ದಾಸ್ ಹಾಲ್ಸ್‌ಟೂಖ್’ ನಡೆಯುವ ಹೊತ್ತಿಗೆ ಬೀದಿಗಳು ಬರಿದಾಗುತ್ತಿದ್ದವು. ಕೊನೆಯ ಕಂತಿಗೆ ಮುಂಚೆಯೇ ಹಾಸ್ಯ ಕಲಾವಿದ ವೋಲ್ಫ್‌ಗಾಂಗ್ ನಾಯ್ಸ್ ಪತ್ರಿಕಾ ಜಾಹೀರಾತಿನ ಮೂಲಕ ಕೊಲೆಗಾರನ ಪಾತ್ರ ಮಾಡಿದ ನಟನ ಹೆಸರನ್ನು ಬಯಲು ಮಾಡಿದಾಗ ದೇಶದಾದ್ಯಂತ ಆಕ್ರೋಶ ವ್ಯಕ್ತವಾಯಿತು. ಕೊಲೆಗಾರ ಯಾರೆಂಬ ಗುಟ್ಟೊಂದು ಸಾರ್ವಜನಿಕ ವಿಷಯವಾಗಬಲ್ಲದೆಂಬುದಕ್ಕೆ ಈ ಪ್ರಸಂಗ ಜರ್ಮನ್ ಟೆಲಿವಿಷನ್ ಚರಿತ್ರೆಯಲ್ಲಿ ಪ್ರಸಿದ್ಧ ಉದಾಹರಣೆ.

ಡೆರ್ ಕೊಮಿಸ್ಸಾರ್: 1963ರಲ್ಲಿ ಪ್ರಸಾರ ಆರಂಭಿಸಿದ ಝಡ್‌ಡಿಎಫ್ ಎಂಬ ಎರಡನೆಯ ಸಾರ್ವಜನಿಕ ವಾಹಿನಿ 1969ರಲ್ಲಿ ಈ ಸರಣಿಯನ್ನು ತಂದಿತು. 1976ರವರೆಗೆ 97 ಕಂತುಗಳು ಬಂದವು. ಎರಿಕ್ ಓಡೆ ಮ್ಯೂನಿಕ್ ನಗರದ ಕೊಮಿಸ್ಸಾರ್ ಕೆಲ್ಲರ್ ಪಾತ್ರ ವಹಿಸಿದ್ದರು. ಬಣ್ಣದ ಪ್ರಸಾರ ಬಂದ ಮೇಲೂ ಸರಣಿ ಕಪ್ಪು–ಬಿಳುಪಿನಲ್ಲಿಯೇ ಉಳಿಯಿತು. ಲೇಖಕ ಹೆರ್ಬರ್ಟ್ ರೈನೆಕರ್ ಮತ್ತು ನಿರ್ಮಾಪಕ ಹೆಲ್ಮುಟ್ ರಿಂಗೆಲ್‌ಮಾನ್ ಈ ಸರಣಿಯಲ್ಲಿ ಜೊತೆಯಾದರು. ಮುಂದಿನ ಮೂರು ದಶಕ ಝಡ್‌ಡಿಎಫ್‌ನ ಶುಕ್ರವಾರ ರಾತ್ರಿಯ ಸ್ವರೂಪವನ್ನು ನಿರ್ಧರಿಸಿದ್ದು ಬಹುಮಟ್ಟಿಗೆ ಈ ಜೋಡಿ.

ಡೆರಿಕ್: 1974ರ ಅಕ್ಟೋಬರ್ 20ರಂದು ಆರಂಭವಾಗಿ 1998ರ ಅಕ್ಟೋಬರ್ 16ರಂದು ಮುಗಿದ ಈ ಸರಣಿಯಲ್ಲಿ 281 ಕಂತುಗಳಿವೆ, ಎಲ್ಲವನ್ನೂ ಬರೆದವರು ರೈನೆಕರ್ ಒಬ್ಬರೇ. ಹೋರ್ಸ್ಟ್ ಟಾಪೆರ್ಟ್ ಮ್ಯೂನಿಕ್ ಪೊಲೀಸ್ ಅಧಿಕಾರಿ ಷ್ಟೆಫಾನ್ ಡೆರಿಕ್ ಆಗಿಯೂ, ಫ್ರಿಟ್ಸ್ ವೆಪರ್ ಅವನ ಸಹಾಯಕ ಹ್ಯಾರಿ ಕ್ಲೈನ್ ಆಗಿಯೂ ನಟಿಸಿದರು. ಹ್ಯಾರಿ ಕ್ಲೈನ್ ಪಾತ್ರ ‘ಡೆರ್ ಕೊಮಿಸ್ಸಾರ್’ನಿಂದ ಈ ಸರಣಿಗೆ ವರ್ಗವಾಗಿ ಬಂದದ್ದು.

‘ವಾಲ್ಡ್‌ವೇಗ್’ ಎಂಬ ಮೊದಲ ಕಂತು ಸರಣಿಯ ಆರಂಭದ ವಿಧಾನಕ್ಕೆ ಒಳ್ಳೆಯ ನಿದರ್ಶನ. ಕಾಡುದಾರಿಯಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಗುತ್ತದೆ. ಕೊಲೆಗಾರ ಅವಳ ಶಾಲೆಯ ಶಿಕ್ಷಕನೆಂಬುದು ನೋಡುಗನಿಗೆ ಮೊದಲೇ ಗೊತ್ತು, ಗೊತ್ತಿಲ್ಲದಿರುವುದು ಡೆರಿಕ್‌ಗೆ. ಹೀಗಾಗಿ ಕುತೂಹಲ ಅಪರಾಧಿಯ ಹೆಸರಿನ ಮೇಲಿರದೆ, ಅವನ ಮುಖದಲ್ಲಿ ಬೆಳೆಯುವ ಅಂಜಿಕೆ ಮತ್ತು ಪತ್ತೇದಾರ ಅವನಿಗೆ ಹತ್ತಿರವಾಗುವ ಬಗೆಯ ಮೇಲೆ ನಿಲ್ಲುತ್ತದೆ. ಕೆಲವು ವರ್ಷಗಳ ಬಳಿಕ ಸರಣಿ ಅಪರಾಧಿಯನ್ನು ಕೊನೆಯವರೆಗೂ ಮರೆಯಲ್ಲಿಡುವ ಕ್ರಮಕ್ಕೆ ಹೊರಳಿತು. ಆದರೂ ಅಪರಾಧಿಯ ಒಳತೋಟಿಗೆ ಕೊಟ್ಟ ಮಹತ್ವ ಕಡಿಮೆಯಾಗಲಿಲ್ಲ. ಕಥೆ ಬಹುಪಾಲು ಮ್ಯೂನಿಕ್‌ನ ಸಿರಿವಂತ ಬಡಾವಣೆಗಳ ಬಂಗಲೆಗಳೊಳಗೆ, ಮಾತುಕತೆಯ ಮೂಲಕ ನಡೆಯುತ್ತದೆ. ಬೆನ್ನಟ್ಟುವ ದೃಶ್ಯಗಳು, ಗುಂಡಿನ ಕಾಳಗ ವಿರಳ. ಡೆರಿಕ್‌ನ ಖಾಸಗಿ ಬದುಕು ಹೆಚ್ಚುಕಡಿಮೆ ತೆರೆಯ ಹಿಂದೆಯೇ ಉಳಿಯುತ್ತದೆ. ಯುರೋಪಿನ ಪೊಲೀಸ್ ಸಂಸ್ಥೆಯ ಹುದ್ದೆಗೆ ಅವನು ಹೊರಡುವುದರೊಂದಿಗೆ ಸರಣಿ ಮುಗಿಯುತ್ತದೆ.

‘ಡೆರಿಕ್’ ನೂರಕ್ಕೂ ಹೆಚ್ಚು ದೇಶಗಳಿಗೆ ಮಾರಾಟವಾಯಿತು. ಇಟಲಿಯ ಚಿಂತಕ ಉಂಬೆರ್ತೊ ಎಕೊ ಅದರ ಜನಪ್ರಿಯತೆಯ ಕಾರಣಗಳನ್ನು ಕುರಿತು ಬರೆದಿದ್ದಾರೆ. 2008ರಲ್ಲಿ ನಿಧನರಾದ ಟಾಪೆರ್ಟ್ ಎರಡನೆಯ ಮಹಾಯುದ್ಧದಲ್ಲಿ ನಾಜಿ ವಾಫೆನ್–ಎಸ್‌ಎಸ್ ಪಡೆಯಲ್ಲಿದ್ದರೆಂಬುದು 2013ರಲ್ಲಿ ಬೆಳಕಿಗೆ ಬಂತು. ಬಳಿಕ ಝಡ್‌ಡಿಎಫ್ ಸರಣಿಯ ಮರುಪ್ರಸಾರ ಮಾಡುವುದಿಲ್ಲವೆಂದು ಪ್ರಕಟಿಸಿತು.

ಡೆರ್ ಆಲ್ಟೆ: 1977ರ ಏಪ್ರಿಲ್‌ನಲ್ಲಿ ಆರಂಭವಾದ ಈ ಸರಣಿಯ ನಿರ್ಮಾಪಕರೂ ರಿಂಗೆಲ್‌ಮಾನ್; ಕಥಾಭೂಮಿ ಮ್ಯೂನಿಕ್. ಮೊದಲ ನಾಯಕ ಎರ್ವಿನ್ ಕ್ಯೋಸ್ಟರ್ ಪಾತ್ರವನ್ನು ಜೀಗ್‌ಫ್ರೀಡ್ ಲೋವಿಟ್ಸ್ 1986ರವರೆಗೆ 100 ಕಂತುಗಳಲ್ಲಿ ನಿರ್ವಹಿಸಿದರು. ಕ್ಯೋಸ್ಟರ್ ವಯಸ್ಸಾದ, ಮೊಂಡು ಸ್ವಭಾವದ ಅಧಿಕಾರಿ. ಮೇಲಧಿಕಾರಿಗಳ ಸೂಚನೆಯನ್ನು ಬದಿಗಿಟ್ಟು ಉಪಾಯದಿಂದ ಆರೋಪಿಯನ್ನು ಬಲೆಗೆ ಬೀಳಿಸುವುದು ಅವನ ರೀತಿ. ಕರ್ತವ್ಯದಲ್ಲಿರುವಾಗಲೇ ಗುಂಡೇಟಿಗೆ ಬಲಿಯಾಗಿ ಈ ಪಾತ್ರ ಸರಣಿಯಿಂದ ನಿರ್ಗಮಿಸಿತು. ಅನಂತರ ರೋಲ್ಫ್ ಷಿಂಪ್ಫ್ 2007ರವರೆಗೆ ಲಿಯೊ ಕ್ರೆಸ್ ಪಾತ್ರದಲ್ಲಿ 200ಕ್ಕೂ ಹೆಚ್ಚು ಕಂತುಗಳನ್ನು ನಡೆಸಿದರು. ಆಮೇಲೆ ವಾಲ್ಟರ್ ಕ್ರೈಯೆ, ಯಾನ್–ಗ್ರೆಗೋರ್ ಕ್ರೆಂಪ್, ಥಾಮಸ್ ಹೈನ್‌ಸೆ ಅನುಕ್ರಮವಾಗಿ ನಾಯಕರಾದರು. ಸಹಾಯಕ ಗೆರ್ಡ್ ಹೈಮಾನ್ ಪಾತ್ರದಲ್ಲಿ ಮಿಖಾಯೆಲ್ ಆಂಡೆ 1977ರಿಂದ 2016ರವರೆಗೆ ನಟಿಸಿದರು. 1986ರಿಂದ ಚಾರ್ಲ್ಸ್ ಹ್ಯೂಬರ್ ವಹಿಸಿದ ಹೆನ್ರಿ ಜಾನ್ಸನ್ ಪಾತ್ರ ಜರ್ಮನ್ ಪತ್ತೇದಾರಿ ಸರಣಿಯೊಂದರಲ್ಲಿ ಕಪ್ಪುವರ್ಣದ ಪೊಲೀಸ್ ಅಧಿಕಾರಿಗೆ ದೊರೆತ ಆರಂಭಿಕ ಖಾಯಂ ಪಾತ್ರಗಳಲ್ಲೊಂದು. ಹ್ಯೂಬರ್ ಮುಂದೆ ಜರ್ಮನ್ ಸಂಸತ್ತಿನ ಸದಸ್ಯರೂ ಆದರು.

ಟಾಟೋರ್ಟ್: 1970ರ ನವೆಂಬರ್ 29ರಂದು ‘ಟ್ಯಾಕ್ಸಿ ನಾಖ್ ಲೈಪ್‌ಸಿಗ್’ ಕಂತಿನೊಂದಿಗೆ ಎಆರ್‌ಡಿ ವಾಹಿನಿಯಲ್ಲಿ ಆರಂಭವಾಯಿತು. ಪೂರ್ವ ಜರ್ಮನಿಯ ಹೆದ್ದಾರಿ ಬದಿಯಲ್ಲಿ ಸಿಕ್ಕ ಮಗುವಿನ ಶವದ ಕಾಲಲ್ಲಿ ಪಶ್ಚಿಮ ಜರ್ಮನಿಯ ಬೂಟುಗಳಿರುವುದು ಈ ಕಂತಿನ ಪ್ರಮುಖ ಸುಳಿವು. ಹ್ಯಾಂಬರ್ಗ್‌ನ ಕೊಮಿಸ್ಸಾರ್ ಟ್ರಿಮೆಲ್ ಅದರ ಜಾಡು ಹಿಡಿದು ಗಡಿ ದಾಟುತ್ತಾನೆ. ಎಆರ್‌ಡಿ ಪ್ರಾದೇಶಿಕ ಪ್ರಸಾರ ಸಂಸ್ಥೆಗಳ ಒಕ್ಕೂಟ. ಪ್ರತಿ ಸಂಸ್ಥೆಯೂ ತನ್ನ ಪ್ರದೇಶದ ನಗರ, ತನ್ನದೇ ಪತ್ತೇದಾರ, ಅಲ್ಲಿನ ನುಡಿಯ ಜಾಡಿನೊಂದಿಗೆ ಕಂತು ತಯಾರಿಸಿ ಒಕ್ಕೂಟಕ್ಕೆ ಕೊಡುತ್ತದೆ. ಹೀಗಾಗಿ ‘ಟಾಟೋರ್ಟ್’ಗೆ ಒಬ್ಬನೇ ನಾಯಕನಿಲ್ಲ. ಡುಯಿಸ್‌ಬರ್ಗ್‌ನ ಷಿಮಾನ್‌ಸ್ಕಿ ಅವರಲ್ಲಿ ಹೆಚ್ಚು ಪ್ರಸಿದ್ಧ. 1981ರಿಂದ 1991ರವರೆಗೆ ಗ್ಯೋಟ್ಸ್ ಗೆಯೋರ್ಗ್ ವಹಿಸಿದ ಪಾತ್ರ ಇದು. ದಿಟ್ಟಿಸುವ ಕಣ್ಣುಗಳು, ಗುರಿಯ ಅಡ್ಡಗೆರೆಗಳು, ಓಡುವ ಕಾಲುಗಳಿರುವ ಶೀರ್ಷಿಕೆ ದೃಶ್ಯವೂ ಕ್ಲಾಸ್ ಡೋಲ್ಡಿಂಗರ್ ಅವರ ಸಂಗೀತವೂ 1970ರಿಂದ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಉಳಿದುಬಂದಿವೆ. 2016ರಲ್ಲಿ ಬಂದ 1,000ನೆಯ ಕಂತಿಗೆ ಮೊದಲ ಕಂತಿನ ಹೆಸರನ್ನೇ ಇಡಲಾಯಿತು.

ಪೂರ್ವ ಜರ್ಮನಿ: ‘ಟಾಟೋರ್ಟ್’ಗೆ ಪ್ರತಿಯಾಗಿ ಪೂರ್ವ ಜರ್ಮನಿಯ ಸರ್ಕಾರಿ ಟೆಲಿವಿಷನ್ 1971ರಲ್ಲಿ ‘ಪೊಲಿಟ್ಸೈರೂಫ್ 110’ ಆರಂಭಿಸಿತು. ಇಲ್ಲಿ ಕೊಲೆಗಿಂತ ಕಳ್ಳತನ, ವಂಚನೆ, ಕುಡಿತ, ಬಾಲಾಪರಾಧದಂಥ ಪ್ರಕರಣಗಳು ಹೆಚ್ಚು. ಎರಡು ಜರ್ಮನಿಗಳು ಒಂದಾದ ಮೇಲೂ ಇದು ಎಆರ್‌ಡಿಯಲ್ಲಿ ಮುಂದುವರಿಯಿತು.

ರಚನೆ

ಪತ್ತೇದಾರಿ ಸರಣಿಯ ಕಂತಿನಲ್ಲಿ ಐದು ಘಟ್ಟಗಳನ್ನು ಗುರುತಿಸಬಹುದು: ಅಪರಾಧ ಅಥವಾ ಶವದ ಪತ್ತೆ, ಸ್ಥಳ ಪರಿಶೀಲನೆ, ಸಂಬಂಧಪಟ್ಟವರ ವಿಚಾರಣೆ, ತಪ್ಪು ದಾರಿಗೆಳೆಯುವ ಸುಳಿವು ಅಥವಾ ಎರಡನೆಯ ಅಪರಾಧ, ಸತ್ಯದ ಬಯಲು. ಝಡ್‌ಡಿಎಫ್‌ನ ಶುಕ್ರವಾರದ ಸರಣಿಗಳು ಇದನ್ನು ಸುಮಾರು 60 ನಿಮಿಷಗಳಲ್ಲೂ ‘ಟಾಟೋರ್ಟ್’ ಸುಮಾರು 90 ನಿಮಿಷಗಳಲ್ಲೂ ಮುಗಿಸುತ್ತವೆ.

ಖಾಯಂ ಪಾತ್ರಗಳು ಸಾಮಾನ್ಯವಾಗಿ ಮೂರು: ಪತ್ತೇದಾರ, ಸಹಾಯಕ, ಮೇಲಧಿಕಾರಿ ಅಥವಾ ವೈದ್ಯತಜ್ಞ. ಪತ್ತೇದಾರನ ತರ್ಕವನ್ನು ಮಾತಿಗಿಳಿಸಲು ಸಹಾಯಕ ಬೇಕು: ನೋಡುಗನಿಗೆ ಏಳುವ ಪ್ರಶ್ನೆಯನ್ನು ಅವನು ಕೇಳುತ್ತಾನೆ. ಮೇಲಧಿಕಾರಿ ಅಡ್ಡಿಯನ್ನೋ ಗಡುವನ್ನೋ ತಂದೊಡ್ಡುತ್ತಾನೆ. ಉಳಿದ ಪಾತ್ರಗಳು ಕಂತಿನಿಂದ ಕಂತಿಗೆ ಬದಲಾಗುತ್ತವೆ. ಕಂತುಗಳನ್ನು ಯಾವ ಕ್ರಮದಲ್ಲಿ ನೋಡಿದರೂ ಅರ್ಥವಾಗುವುದರಿಂದ ಪತ್ತೇದಾರಿ ಸರಣಿಯನ್ನು ಬೇರೆ ದೇಶಗಳಿಗೆ ಮಾರುವುದೂ ಮರುಪ್ರಸಾರ ಮಾಡುವುದೂ ಸುಲಭ.

ತಪ್ಪೊಪ್ಪಿಗೆ ಮತ್ತು ಕಾನೂನು: ‘ಡೆರಿಕ್’ ಮತ್ತು ‘ಡೆರ್ ಆಲ್ಟೆ’ಯ ಹಲವು ಕಂತುಗಳು ಅಪರಾಧಿ ಪೊಲೀಸ್ ಅಧಿಕಾರಿಯ ಎದುರು ತಪ್ಪೊಪ್ಪಿಕೊಳ್ಳುವಲ್ಲಿಗೆ ಮುಗಿಯುತ್ತವೆ. ಜರ್ಮನ್ ನ್ಯಾಯಾಲಯ ಅಂಥ ಹೇಳಿಕೆಯನ್ನು ಇತರ ಸಾಕ್ಷ್ಯಗಳ ಜೊತೆಗಿಟ್ಟು ತೂಗಿ ನೋಡಬಹುದು. ಭಾರತದಲ್ಲಿ ಸ್ಥಿತಿ ಬೇರೆ. 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮಿನಂತೆ ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮು ಅದೇ ನಿಯಮವನ್ನು ಉಳಿಸಿಕೊಂಡಿದೆ. ಆರೋಪಿಯ ಹೇಳಿಕೆಯಿಂದ ಆಯುಧ ಅಥವಾ ಮಾಲು ಸಿಕ್ಕಿದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಭಾಗ ಮಾತ್ರ ಸ್ವೀಕಾರಾರ್ಹ. ತಪ್ಪೊಪ್ಪಿಗೆಯನ್ನು ವಿಧಿವತ್ತಾಗಿ ದಾಖಲಿಸುವ ಅಧಿಕಾರ ಮ್ಯಾಜಿಸ್ಟ್ರೇಟರದು. ಆದ್ದರಿಂದ ಭಾರತದ ಕಾನೂನಿಗೆ ನಿಷ್ಠವಾದ ಪತ್ತೇದಾರಿ ಕಥೆಯಲ್ಲಿ ಠಾಣೆಯ ತಪ್ಪೊಪ್ಪಿಗೆ ಕೊನೆಯ ಘಟ್ಟವಾಗಲಾರದು. ಪಂಚರ ಸಮ್ಮುಖದ ಮಹಜರು, ವಶಪಡಿಸಿಕೊಂಡ ವಸ್ತು, ವಿಧಿವಿಜ್ಞಾನ ಪ್ರಯೋಗಾಲಯದ ವರದಿ, ದೋಷಾರೋಪ ಪಟ್ಟಿ ಇವೆಲ್ಲ ಬೇಕಾಗುತ್ತವೆ. ಖಾಸಗಿ ಪತ್ತೇದಾರನಿಗೆ ಭಾರತದಲ್ಲಿ ಬಂಧಿಸುವ, ಶೋಧ ನಡೆಸುವ ಪೊಲೀಸ್ ಅಧಿಕಾರವಿಲ್ಲ. ಹೀಗಾಗಿ ಅಂಥ ನಾಯಕನಿರುವ ಕಥೆಗಳಲ್ಲಿ ಕೊನೆಗೆ ಪೊಲೀಸರು ಬರಲೇಬೇಕಾಗುತ್ತದೆ.

ಪ್ರಕಾರಗಳು

1. ಅಪರಾಧಿ ಯಾರೆಂಬ ಪ್ರಶ್ನೆಯ ಕಥೆ: ಹಲವು ಶಂಕಿತರಲ್ಲಿ ಒಬ್ಬನನ್ನು ಕೊನೆಗೆ ಬೊಟ್ಟು ಮಾಡುವ ಸಾಂಪ್ರದಾಯಿಕ ಮಾದರಿ. ಡೇವಿಡ್ ಸುಷೆ 1989ರಿಂದ 2013ರವರೆಗೆ ನಟಿಸಿದ ‘ಪ್ವಾರೊ’ ಇದಕ್ಕೆ ಉದಾಹರಣೆ.

2. ಅಪರಾಧಿ ಸಿಕ್ಕಿಬೀಳುವ ಬಗೆಯ ಕಥೆ: ಅಪರಾಧಿ ಮೊದಲೇ ಗೊತ್ತಿರುತ್ತಾನೆ. ಪೀಟರ್ ಫಾಕ್ ನಟಿಸಿದ ಅಮೆರಿಕದ ‘ಕೊಲಂಬೊ’ ಮತ್ತು ಆರಂಭದ ‘ಡೆರಿಕ್’ ಈ ವರ್ಗದವು.

3. ಪೊಲೀಸ್ ಕಾರ್ಯವಿಧಾನದ ಕಥೆ: ತಂಡದ ದಿನನಿತ್ಯದ ತನಿಖೆಯೇ ಮುಖ್ಯ. ‘ಡ್ರ್ಯಾಗ್ನೆಟ್’, ‘ಸ್ಟಾಲ್‌ನೆಟ್ಸ್’, ಹಿಂದಿಯ ‘ಸಿಐಡಿ’ ಇಲ್ಲಿ ಸೇರುತ್ತವೆ.

4. ಖಾಸಗಿ ಪತ್ತೇದಾರನ ಕಥೆ: ಹೋಮ್ಸ್, ಬ್ಯೋಮಕೇಶ್ ಬಕ್ಷಿ, ಕರಮಚಂದ್ ಈ ವರ್ಗದ ನಾಯಕರು.

5. ಸಾಮಾಜಿಕ ಪತ್ತೇದಾರಿ ಕಥೆ: ಅಪರಾಧದ ಮೂಲಕ ಊರು, ವರ್ಗ, ಕುಟುಂಬಗಳ ಬಿಕ್ಕಟ್ಟನ್ನು ತೋರಿಸುತ್ತದೆ. ‘ಟಾಟೋರ್ಟ್’ನ ಅನೇಕ ಕಂತುಗಳು ಹೀಗಿವೆ.

6. ನೈಜ ಅಪರಾಧ ಕಾರ್ಯಕ್ರಮ: ಬಗೆಹರಿಯದ ನಿಜ ಪ್ರಕರಣವನ್ನು ಮರುಚಿತ್ರಿಸಿ ಸಾರ್ವಜನಿಕರಿಂದ ಮಾಹಿತಿ ಕೋರುತ್ತದೆ. ಇದು ಕಥೆಯಲ್ಲವಾದರೂ ಪತ್ತೇದಾರಿ ಸರಣಿಯ ನಿರೂಪಣೆಯನ್ನೇ ಬಳಸುತ್ತದೆ.

ಭಾರತದಲ್ಲಿ

ಭಾರತದಲ್ಲಿ 1982ರ ಆಗಸ್ಟ್ 15ರಿಂದ ಉಪಗ್ರಹದ ಮೂಲಕ ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮವೂ ಬಣ್ಣದ ಪ್ರಸಾರವೂ ಆರಂಭವಾದವು. ಸ್ವದೇಶಿ ಧಾರಾವಾಹಿಗಳು ಇನ್ನೂ ಕಡಿಮೆಯಿದ್ದ ಆ ದಶಕದಲ್ಲಿ ದೂರದರ್ಶನ ಹೊರದೇಶಗಳ ಕಾರ್ಯಕ್ರಮಗಳನ್ನೂ ಪ್ರಸಾರ ಮಾಡಿತು. ಜರ್ಮನಿಯಿಂದ ಬಂದವುಗಳಲ್ಲಿ ‘ಟೆಲಿಮ್ಯಾಚ್’ ಎಂಬ ಆಟೋಟ ಸ್ಪರ್ಧೆ, ‘ದಿ ಓಲ್ಡ್ ಫಾಕ್ಸ್’ ಎಂಬ ಪತ್ತೇದಾರಿ ಸರಣಿ ಜನಪ್ರಿಯವಾದವು. ಲೋವಿಟ್ಸ್ ಅವರ ಕ್ಯೋಸ್ಟರ್‌ನನ್ನು ಭಾರತದ ನೋಡುಗರು ಕಂಡದ್ದು ಹೀಗೆ.

ಸ್ವದೇಶಿ ಪತ್ತೇದಾರಿ ಸರಣಿಗಳಲ್ಲಿ ಮೊದಲು ಹೆಸರು ಮಾಡಿದ್ದು 1985ರ ‘ಕರಮಚಂದ್’. ಪಂಕಜ್ ಪರಾಶರ್ ನಿರ್ದೇಶನದ ಈ ಸರಣಿಯಲ್ಲಿ ಪಂಕಜ್ ಕಪೂರ್ ಗಜ್ಜರಿ ಮೆಲ್ಲುತ್ತ ಪ್ರಕರಣ ಬಿಡಿಸುವ ಪತ್ತೇದಾರ. ಸುಷ್ಮಿತಾ ಮುಖರ್ಜಿ ಸಹಾಯಕಿ ಕಿಟ್ಟಿ. ಸತ್ಯಜಿತ್ ರಾಯ್ ಸೃಷ್ಟಿಸಿದ ಪತ್ತೇದಾರ ಫೆಲುದಾನ ಕಥೆಯನ್ನು ಆಧರಿಸಿದ ‘ಕಿಸ್ಸಾ ಕಾಠ್ಮಂಡು ಕಾ’ 1986ರಲ್ಲಿ ಬಂತು. ನಿರ್ದೇಶನ ಸಂದೀಪ್ ರಾಯ್, ನಾಯಕ ಶಶಿ ಕಪೂರ್. ಶರದಿಂದು ಬಂದ್ಯೋಪಾಧ್ಯಾಯರ ಬಂಗಾಳಿ ಕಥೆಗಳನ್ನು ಬಾಸು ಚಟರ್ಜಿ 1993ರಲ್ಲಿ ‘ಬ್ಯೋಮಕೇಶ್ ಬಕ್ಷಿ’ಯಾಗಿ ತೆರೆಗೆ ತಂದರು, ರಜಿತ್ ಕಪೂರ್ ನಾಯಕ, ಕೆ.ಕೆ. ರೈನಾ ಅವನ ಗೆಳೆಯ ಅಜಿತ್. 1994ರ ‘ತೆಹ್ಕೀಕಾತ್’ನಲ್ಲಿ ವಿಜಯ್ ಆನಂದ್, ಸೌರಭ್ ಶುಕ್ಲಾ ಜೋಡಿ ನಟಿಸಿತು. ಖಾಸಗಿ ವಾಹಿನಿಗಳ ಕಾಲದಲ್ಲಿ ಬಿ.ಪಿ. ಸಿಂಗ್ ನಿರ್ಮಿಸಿದ ‘ಸಿಐಡಿ’ 1998ರ ಜನವರಿಯಿಂದ 2018ರ ಅಕ್ಟೋಬರ್‌ವರೆಗೆ ಸೋನಿ ವಾಹಿನಿಯಲ್ಲಿ ನಡೆದು 1,500ಕ್ಕೂ ಹೆಚ್ಚು ಕಂತುಗಳನ್ನು ಕಂಡಿತು. 2024ರ ಡಿಸೆಂಬರ್‌ನಲ್ಲಿ ಮತ್ತೆ ಆರಂಭವಾಯಿತು.

ಕರ್ನಾಟಕ ಮತ್ತು ಕನ್ನಡದಲ್ಲಿ

ಟೆಲಿವಿಷನ್ ಹರಡಿದ ಬಗೆ: 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಉಪಗ್ರಹ ಪ್ರಯೋಗದಲ್ಲಿ ಕರ್ನಾಟಕದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಸಮುದಾಯ ಟಿ.ವಿ. ಬಂತು. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಆರಂಭವಾಯಿತು. ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ, 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಈಗ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಕಡೆಯ ಊರುಗಳು ಸೈಟ್ ಜಿಲ್ಲೆಗಳ ಹೊರಗಿದ್ದವು. ಅಲ್ಲಿ ಟಿ.ವಿ. ಬೇರೂರಿದ್ದು ಮರುಪ್ರಸಾರ ಕೇಂದ್ರಗಳು ಬಂದ ಮೇಲೆ. ಕೇಂದ್ರದಿಂದ ದೂರದ ಊರುಗಳಲ್ಲಿ ಮಾಳಿಗೆಯ ಮೇಲೆ ಎತ್ತರದ ಕಂಬಕ್ಕೆ ಆಂಟೆನಾ ಕಟ್ಟಿ, ಬೂಸ್ಟರ್ ಜೋಡಿಸಿ ಚಿತ್ರ ಹಿಡಿಯಬೇಕಾಗಿತ್ತು. ಇಂಥ ಊರುಗಳಲ್ಲಿ ರಾತ್ರಿಯ ರಾಷ್ಟ್ರೀಯ ಕಾರ್ಯಕ್ರಮವೇ ಮುಖ್ಯ ನೋಟವಾಗಿತ್ತು. ಅದರ ಭಾಷೆ ಹಿಂದಿ ಮತ್ತು ಇಂಗ್ಲಿಷ್.

ಕಾದಂಬರಿ: ಟೆಲಿವಿಷನ್ ಬರುವ ಹೊತ್ತಿಗೆ ಕನ್ನಡ ಓದುಗರಿಗೆ ಪತ್ತೇದಾರಿ ಕಥೆ ಹೊಸದಾಗಿರಲಿಲ್ಲ. ಎನ್. ನರಸಿಂಹಯ್ಯ ‘ಪತ್ತೇದಾರ ಪುರುಷೋತ್ತಮ’ನಂಥ ಖಾಯಂ ನಾಯಕರನ್ನು ಸೃಷ್ಟಿಸಿ ನೂರಾರು ಕಾದಂಬರಿಗಳನ್ನು ಬರೆದರು. ಒಬ್ಬ ಪತ್ತೇದಾರ, ಪುಸ್ತಕಕ್ಕೊಂದು ಪ್ರಕರಣ ಎಂಬ ಸರಣಿಯ ರಚನೆ ಇಲ್ಲಿ ಪೂರ್ಣವಾಗಿದೆ. ಕಡಿಮೆ ಬೆಲೆಯ ಈ ಪುಸ್ತಕಗಳು ಬಾಡಿಗೆ ಗ್ರಂಥಾಲಯ, ಬಸ್ ನಿಲ್ದಾಣದ ಅಂಗಡಿಗಳ ಮೂಲಕ ಸಣ್ಣ ಊರುಗಳಿಗೂ ತಲುಪಿದವು. ಕನ್ನಡ ಬಾವುಟವನ್ನು ರೂಪಿಸಿದ ಕನ್ನಡ ಚಳವಳಿಯ ನಾಯಕ ಮ. ರಾಮಮೂರ್ತಿ ಕೂಡ ಹೆಸರಾಂತ ಪತ್ತೇದಾರಿ ಕಾದಂಬರಿಕಾರರು. ‘ಬಂಗಾರದ ಮನುಷ್ಯ’ದ ಲೇಖಕ ಟಿ.ಕೆ. ರಾಮರಾವ್ ಈ ಪ್ರಕಾರದಲ್ಲಿ ವಿಪುಲವಾಗಿ ಬರೆದರು. ವಾರಪತ್ರಿಕೆಗಳ ಪತ್ತೇದಾರಿ ಧಾರಾವಾಹಿಗಳು ವಾರಕ್ಕೊಂದು ಕಂತಿಗಾಗಿ ಕಾಯುವ ರೂಢಿಯನ್ನು ಬೆಳೆಸಿದವು.

ಚಲನಚಿತ್ರ: 1968ರ ‘ಜೇಡರ ಬಲೆ’ಯಲ್ಲಿ ರಾಜಕುಮಾರ್ ಸಿ.ಐ.ಡಿ. 999 ಆಗಿ ಕಾಣಿಸಿಕೊಂಡರು. ದೊರೈ–ಭಗವಾನ್ ನಿರ್ದೇಶನದ ಈ ಚಿತ್ರದ ಪಾತ್ರ ‘ಗೋವಾದಲ್ಲಿ ಸಿ.ಐ.ಡಿ. 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರಗಳಲ್ಲಿ ಮುಂದುವರಿಯಿತು. ಇವು ಪತ್ತೇದಾರಿಗಿಂತ ಗೂಢಚಾರ ಚಿತ್ರಗಳಿಗೆ ಹತ್ತಿರವಾದರೂ, ಒಂದೇ ಪತ್ತೇದಾರ ಪಾತ್ರ ಹಲವು ಚಿತ್ರಗಳಲ್ಲಿ ಮರಳಿದ ಕನ್ನಡದ ಪ್ರಮುಖ ನಿದರ್ಶನ ಇವೇ. ಕಾಶೀನಾಥ್ ಅವರ ‘ಅಪರಿಚಿತ’, ಸುನಿಲ್ ಕುಮಾರ್ ದೇಸಾಯಿ ಅವರ ‘ತರ್ಕ’ ಮತ್ತು ‘ಉತ್ಕರ್ಷ’ ನಿಗೂಢ ಕಥಾಚಿತ್ರಗಳಲ್ಲಿ ಗಮನಾರ್ಹ.

ಟೆಲಿವಿಷನ್: ಕನ್ನಡ ದೂರದರ್ಶನದ ನಿಗೂಢ ಧಾರಾವಾಹಿಗಳಲ್ಲಿ ಹೆಚ್ಚು ನೆನಪಿನಲ್ಲಿ ಉಳಿದಿರುವುದು ಸದಾನಂದ ಸುವರ್ಣ ನಿರ್ದೇಶಿಸಿದ ‘ಗುಡ್ಡದ ಭೂತ’. ಅವರದೇ ತುಳು ನಾಟಕವನ್ನು ಆಧರಿಸಿದ, ಕರಾವಳಿಯ ಹಿನ್ನೆಲೆಯ ಈ ಕಿರು ಧಾರಾವಾಹಿಯಲ್ಲಿ ಪ್ರಕಾಶ್ ರೈ ನಟಿಸಿದ್ದರು. 2015ರ ‘ರಂಗಿತರಂಗ’ ಚಿತ್ರ ಇದರ ಶೀರ್ಷಿಕೆ ಗೀತೆಯ ಧಾಟಿಯನ್ನು ಬಳಸಿಕೊಂಡಿತು. ಖಾಸಗಿ ವಾಹಿನಿಗಳಲ್ಲಿ ತನಿಖೆಯ ಅಂಶ ಎರಡು ಕವಲುಗಳಲ್ಲಿ ಬೆಳೆಯಿತು. ಒಂದು ನ್ಯಾಯಾಲಯದ ಕಥೆ: ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ಸಿ.ಎಸ್.ಪಿ. ಎಂಬ ವಕೀಲ ಪಾಟೀಸವಾಲಿನ ಮೂಲಕ ಸತ್ಯವನ್ನು ಹೊರಗೆಳೆಯುತ್ತಾನೆ. ಆ ಪಾತ್ರವನ್ನು ವಹಿಸಿದವರೂ ಸೀತಾರಾಮ್ ಅವರೇ. ಇನ್ನೊಂದು ನೈಜ ಅಪರಾಧ ಕಾರ್ಯಕ್ರಮ: ಈಟಿವಿ ಕನ್ನಡದ ‘ಕ್ರೈಮ್ ಡೈರಿ’ಯನ್ನು ಪತ್ರಕರ್ತ ರವಿ ಬೆಳಗೆರೆ ನಿರೂಪಿಸಿದರು.

ಡಬ್ಬಿಂಗ್: ಕನ್ನಡ ಚಿತ್ರೋದ್ಯಮ 1960ರ ದಶಕದಿಂದಲೂ ಡಬ್ಬಿಂಗ್ ವಿರೋಧಿಸಿ ಅದಕ್ಕೆ ನಿರ್ಬಂಧ ಹೇರಿತ್ತು, ಟಿ.ವಿ. ಧಾರಾವಾಹಿಗಳಿಗೂ ಆ ನಿರ್ಬಂಧ ಅನ್ವಯವಾಗಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ನಿರ್ಬಂಧ ಸ್ಪರ್ಧಾ ಕಾಯ್ದೆಗೆ ವಿರುದ್ಧವೆಂದು ತೀರ್ಪಿತ್ತಿತು. ಅಲ್ಲಿಯವರೆಗೆ ಹೊರನಾಡಿನ ಪತ್ತೇದಾರಿ ಸರಣಿಗಳನ್ನು ಕನ್ನಡ ನೋಡುಗರು ನೋಡಿದ್ದು ಬಹುತೇಕ ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಸ್ಥಳೀಯ ಕಲಾವಿದರಿಗೆ ಮತ್ತು ತಂತ್ರಜ್ಞರಿಗೆ ಈ ನಿರ್ಬಂಧ ರಕ್ಷಣೆಯಾಗಿತ್ತೆಂಬುದು ಅದನ್ನು ಬೆಂಬಲಿಸಿದವರ ವಾದ; ನೋಡುಗರ ಆಯ್ಕೆಯನ್ನು ಕಿತ್ತುಕೊಂಡಿತೆಂಬುದು ವಿರೋಧಿಸಿದವರ ವಾದ.

ಉಪಯೋಗ ಮತ್ತು ಪ್ರಭಾವ

ಪತ್ತೇದಾರಿ ನಿರೂಪಣೆಯ ನೇರ ಉಪಯೋಗ ಕಂಡದ್ದು ನೈಜ ಅಪರಾಧ ಕಾರ್ಯಕ್ರಮಗಳಲ್ಲಿ. ಎಡುವಾರ್ಡ್ ಟ್ಸಿಮರ್‌ಮಾನ್ 1967ರ ಅಕ್ಟೋಬರ್‌ನಲ್ಲಿ ಝಡ್‌ಡಿಎಫ್‌ನಲ್ಲಿ ಆರಂಭಿಸಿದ ‘ಆಕ್ಟೆನ್‌ಟ್ಸೈಖೆನ್ ಎಕ್ಸ್‌ವೈ’ ಬಗೆಹರಿಯದ ಪ್ರಕರಣಗಳನ್ನು ಮರುಚಿತ್ರಿಸಿ, ಮಾಹಿತಿಯಿದ್ದವರು ದೂರವಾಣಿ ಕರೆ ಮಾಡುವಂತೆ ಕೋರಿತು. ಬ್ರಿಟನ್ನಿನ ‘ಕ್ರೈಮ್‌ವಾಚ್’ ಇದೇ ಮಾದರಿಯಿಂದ ರೂಪುಗೊಂಡಿತು. ಭಾರತದಲ್ಲಿ ‘ಇಂಡಿಯಾಸ್ ಮೋಸ್ಟ್ ವಾಂಟೆಡ್’ ಅದೇ ಬಗೆಯ ಕಾರ್ಯಕ್ರಮ. ಇಂಥ ಕಾರ್ಯಕ್ರಮಗಳು ತನಿಖೆಗೆ ನೆರವಾಗುವುದರ ಜೊತೆಗೆ, ತೀರ್ಪಿಗೆ ಮುಂಚೆಯೇ ಶಂಕಿತನನ್ನು ಅಪರಾಧಿಯೆಂದು ಬಿಂಬಿಸುತ್ತವೆಂಬ ಟೀಕೆಯನ್ನೂ ಎದುರಿಸಿವೆ.

ಭಾಷಾ ಕಲಿಕೆಯಲ್ಲೂ ಪತ್ತೇದಾರಿ ಕಥೆಗಳಿಗೆ ಸ್ಥಾನವಿದೆ. ಚಿಕ್ಕ ವಾಕ್ಯಗಳ ಪ್ರಶ್ನೋತ್ತರ, ನಿತ್ಯಬಳಕೆಯ ಮಾತು ಹೆಚ್ಚಿರುವುದರಿಂದ ಜರ್ಮನ್ ಕಲಿಯುವವರ ಓದಿಗೆಂದೇ ಸರಳ ಪತ್ತೇದಾರಿ ಕಥೆಗಳು ಪ್ರಕಟವಾಗುತ್ತವೆ. ಸಮಾಜ ಚರಿತ್ರೆಗೆ ಈ ಸರಣಿಗಳು ಆಕರವೂ ಹೌದು. ‘ಟಾಟೋರ್ಟ್’ನ ಐದು ದಶಕಗಳ ಕಂತುಗಳಲ್ಲಿ ಜರ್ಮನ್ ನಗರಗಳ ಬೀದಿ, ಮನೆ, ಉಡುಪು, ವಲಸೆ, ನಿರುದ್ಯೋಗಗಳ ದಾಖಲೆಯಿದೆ.

ಇಂದಿನ ಸ್ಥಿತಿ

ಜರ್ಮನಿಯಲ್ಲಿ ‘ಟಾಟೋರ್ಟ್’ ಭಾನುವಾರ ರಾತ್ರಿ 8.15ಕ್ಕೆ ಮುಂದುವರಿದಿದೆ, ‘ಡೆರ್ ಆಲ್ಟೆ’ ಹೊಸ ನಾಯಕರೊಂದಿಗೆ ಝಡ್‌ಡಿಎಫ್‌ನಲ್ಲಿ ನಡೆಯುತ್ತಿದೆ. ಶುಕ್ರವಾರದ ಸರಣಿಗಳನ್ನು ಕಟ್ಟಿದ ತಲೆಮಾರು ಮರೆಯಾಗಿದೆ: ರೈನೆಕರ್ 2007ರಲ್ಲಿ, ರಿಂಗೆಲ್‌ಮಾನ್ 2011ರಲ್ಲಿ, ವೆಪರ್ 2024ರಲ್ಲಿ ನಿಧನರಾದರು. ಅಂತರ್ಜಾಲ ವೇದಿಕೆಗಳು ಬಂದ ಮೇಲೆ ಕಂತಿಗೊಂದು ಪ್ರಕರಣದ ಸರಣಿಗಿಂತ, ಒಂದೇ ಪ್ರಕರಣವನ್ನು ಆರೆಂಟು ಕಂತುಗಳಲ್ಲಿ ಬಿಡಿಸುವ ಧಾರಾವಾಹಿ ಜಗತ್ತಿನಾದ್ಯಂತ ಹೆಚ್ಚಾಗಿದೆ.

ಕನ್ನಡದಲ್ಲಿ 2019ರ ‘ಬೆಲ್ ಬಾಟಂ’ ಮತ್ತು ‘ಕವಲುದಾರಿ’, 2020ರ ‘ಶಿವಾಜಿ ಸುರತ್ಕಲ್’ ಪತ್ತೇದಾರಿ ಚಿತ್ರಕ್ಕೆ ಹೊಸ ನೋಡುಗರನ್ನು ತಂದವು. ರಮೇಶ್ ಅರವಿಂದ್ ನಾಯಕರಾದ ‘ಶಿವಾಜಿ ಸುರತ್ಕಲ್’ಗೆ 2023ರಲ್ಲಿ ಎರಡನೆಯ ಭಾಗ ಬಂದು, ಸಿ.ಐ.ಡಿ. 999ರಂತೆ ಪತ್ತೇದಾರ ಪಾತ್ರವೊಂದು ಚಿತ್ರದಿಂದ ಚಿತ್ರಕ್ಕೆ ಮುಂದುವರಿದಂತಾಯಿತು. ಅಂತರ್ಜಾಲ ವೇದಿಕೆಗಳಲ್ಲಿ ‘ಅಯ್ಯನ ಮನೆ’ಯಂಥ ಕಿರು ನಿಗೂಢ ಧಾರಾವಾಹಿಗಳು ಕನ್ನಡದಲ್ಲೇ ತಯಾರಾಗುತ್ತಿವೆ. ಕನ್ನಡ ಟಿ.ವಿ. ವಾಹಿನಿಗಳ ಮುಖ್ಯ ವೇಳೆಯನ್ನು ತುಂಬಿರುವುದು ದಿನವಹಿ ಕೌಟುಂಬಿಕ ಧಾರಾವಾಹಿಗಳು. ‘ಡೆರಿಕ್’, ‘ಡೆರ್ ಆಲ್ಟೆ’ಯಂತೆ ದಶಕಗಳ ಕಾಲ ನಡೆದ ಪತ್ತೇದಾರಿ ಕಥಾಸರಣಿ ಆ ವಾಹಿನಿಗಳಲ್ಲಿ ಇನ್ನೂ ಬಂದಿಲ್ಲ.